ಬ್ರೇಕಿನ ಹಿಡಿ

"ತಿರುಗಲ್ಲ ಮಾಮ," ಎಂದು ಜಗಲಿಯಲ್ಲಿ ಕುಳಿತ ಆಂಜನಪ್ಪನಿಗೆ ಹೇಳುತ್ತ ಮುದಸ್ಸಿರ್ ಅಳತೆಯ ಟೇಪನ್ನು ಬಿಟ್ಟ. ಅದು ಸರ್ರನೆ ತನ್ನ ಡಬ್ಬಿಯೊಳಗೆ ಹೋಯಿತು. "ಈ ಹಲಗೆ ಇಲ್ಲಿರೋವರೆಗೂ ಜನಾಜಾ ಹೊರೋ ಮಂಚ ಒಳಗೆ ಬರಲ್ಲ. ವ್ಯಾಗನ್ನೆಲ್ಲ ಇಳಿಸಿ ಹಲಗೆ ಬಿಚ್ಚಿಬಿಡಣ."

ಇಳಿಸೋಣ ಎನ್ನುವುದು ಸುಲಭ. ಇಳಿಸುವವರು ಯಾರು? ಶಿಡ್ಲಘಟ್ಟದ ಆ ಓಣಿಯಲ್ಲಿ, ತೀರಿಕೊಂಡ ದಸ್ತಗಿರ್ ಸಾಬರು ಗೋಡೆಯ ಹಲಗೆಯ ಮೇಲೆ ಮಾಡಿಟ್ಟ ಪುಟ್ಟ ರೈಲು ವ್ಯಾಗನ್ನುಗಳಿಗೆ ಕೈ ಹಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಆ ಹಲಗೆಯ ಪಕ್ಕದಲ್ಲೇ ಓಡಾಡಿಕೊಂಡು ಬೆಳೆದ ಮಗಳು ಮಹೀನ್ ಕೂಡ ಒಂದು ದಿನ ಧೂಳು ಒರೆಸಿದವಳಲ್ಲ. ಅಳಿಯ ಮುದಸ್ಸಿರನಂತೂ ಹಲಗೆಯಿಂದ ಒಂದು ಮಾರು ದೂರವೇ ನಡೆಯುತ್ತಿದ್ದ.

ಪರದೆಯ ಹಿಂದಿನಿಂದ ಸಾಬರ ಹೆಂಡತಿ ಹಫೀಜಾ ಅವರ ದನಿ ಬಂತು. ಅತ್ತು ಅತ್ತು ಒಡೆದ ದನಿ. "ಆಂಜನಪ್ಪಣ್ಣ ಎತ್ತಲಿ. ಎಲ್ಲಿ ಹಿಡೀಬೇಕು ಅಂತ ಅವರಿಗೆ ಗೊತ್ತು."

ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಜಗಲಿಯ ಅಂಚಿನಲ್ಲಿ ಕುಳಿತಿದ್ದ ಆಂಜನಪ್ಪ ಎದ್ದ. ಎಪ್ಪತ್ತಾರರ ಮಂಡಿ, ಏಳುವುದಕ್ಕೆ ಗೋಡೆ ಬೇಕಾಯಿತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಹಾದು ಕೋಲಾರದ ಕಡೆಗೆ ಹೋಗುತ್ತಿದ್ದ ಸಣ್ಣ ರೈಲಿನ ಕಾಲದಲ್ಲಿ, ಗೂಡ್ಸ್ ವ್ಯಾಗನ್ನುಗಳ ಗಾಲಿಗೆ ಸುತ್ತಿಗೆ ತಟ್ಟಿ, ಸದ್ದು ಕೇಳಿ, ಬಿರುಕು ಬಿಟ್ಟಿದೆಯೇ ಇಲ್ಲವೇ ಹೇಳುವುದು ಅವನ ಕೆಲಸವಾಗಿತ್ತು. ಆ ರೈಲು ನಿಂತಿತು, ಹಳಿ ಕಿತ್ತರು, ಅದರ ಜಾಗದಲ್ಲಿ ದೊಡ್ಡ ಹಳಿಯೂ ಬಂತು. ಸಣ್ಣ ರೈಲಿನ ವ್ಯಾಗನ್ನುಗಳು ಅಂತ ಅವನ ಕಣ್ಣಿಗೆ ಉಳಿದದ್ದು ಈ ಹಲಗೆಯ ಮೇಲೆ, ಒಂದು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ, ಒಟ್ಟು ಹನ್ನೊಂದು.

ದಸ್ತಗಿರ್ ಸಾಬರು ಮರಗೆಲಸದವರು. ಊರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಚರಕ ಎಲ್ಲಿ ಕೆಟ್ಟರೂ ಅವರಿಗೇ ಕರೆ ಬರುತ್ತಿತ್ತು. ಅದು ಹೊಟ್ಟೆಪಾಡು, ಉಳಿದ ಹೊತ್ತೆಲ್ಲ ವ್ಯಾಗನ್ನು. ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ ಮುರಿದರೆ ಅದರ ಬಿದಿರು ಸೀಳಿ ನೆಲದ ಹಲಗೆ, ಹಳೇ ಛತ್ರಿಯ ಕಡ್ಡಿಯಿಂದ ಬ್ರೇಕಿನ ಸರಳು, ಎಣ್ಣೆ ಡಬ್ಬದ ತಗಡಿನಿಂದ ಬಾಗಿಲು. ರಿವೆಟ್ಟಿನ ತಲೆಗೆ ಏನು ಮಾಡುವುದೆಂದು ಎರಡು ವರ್ಷ ತಲೆ ಕೆಡಿಸಿಕೊಂಡು, ಕೊನೆಗೆ ರಾಗಿ ಕಾಳು ಅಂಟಿಸಿ ಬಣ್ಣ ಬಳಿದಿದ್ದರು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಒಂದೊಂದು ವ್ಯಾಗನ್ನಿಗೆ ಆರುನೂರು ಚಿಲ್ಲರೆ ಕಾಳು, ಜರಡಿ ಹಿಡಿದು ಆರಿಸಿದ ಒಂದೇ ಗಾತ್ರದವು. ನಮ್ಮನೆ ರಾಗಿ ಮುದ್ದೆಗಿಂತ ರೈಲಿಗೇ ಜಾಸ್ತಿ ಹೋಯಿತು ಎಂದು ಹಫೀಜಾ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಆಂಜನಪ್ಪ ಮೊದಲನೆಯದನ್ನು ಎತ್ತಿ, ಪಕ್ಕದ ಮನೆಯ ಜಗಲಿಗೆ ಒಯ್ದು, ಹಾಸಿದ ಕಂಬಳಿಯ ಮೇಲೆ ಇಟ್ಟ. ಎರಡನೆಯದನ್ನು ಇಟ್ಟ. ಮೂರನೆಯದರ ಒಂದು ಮಗ್ಗುಲಿಗೆ ಬಣ್ಣವೇ ಇರಲಿಲ್ಲ, ಬರೀ ಮರ. ನಿಜವಾದ ವ್ಯಾಗನ್ನಿನ ಆ ಮಗ್ಗುಲನ್ನು ಕಂಡವರು ಯಾರೂ ಸಿಕ್ಕಿರಲಿಲ್ಲ. ಕಂಡವರು ಹೇಳಿದ್ದನ್ನು ಮಾತ್ರ ಮಾಡಬೇಕು, ಹೇಳಿದವರ ಹೆಸರನ್ನು ತಳದಲ್ಲಿ ಪೆನ್ಸಿಲಿನಿಂದ ಬರೆಯಬೇಕು, ಯಾರೂ ಹೇಳದಿದ್ದರೆ ಹಾಗೇ ಬಿಡಬೇಕು; ಇದು ಸಾಬರ ಕಟ್ಟುನಿಟ್ಟು. ನಾಲ್ಕನೆಯದನ್ನು ಎತ್ತುವಾಗ ತಳ ಕಂಡಿತು. 'ಬಣ್ಣ: ಕೊಂಡಪ್ಪ, ಹಮಾಲಿ, ಚಿಂತಾಮಣಿ. ಬಾಗಿಲ ಕೊಂಡಿ: ಅಮ್ಮಾಜಮ್ಮ, ಟೇಶನ್ ಮುಂದೆ ಕಳ್ಳೆಕಾಯಿ ಮಾರುತ್ತಿದ್ದವರು.' ಇಬ್ಬರೂ ಹೋಗಿ ಎಷ್ಟೋ ವರ್ಷವಾಗಿತ್ತು. ಇಪ್ಪತ್ತೈದು ವರ್ಷ ನಿಜವಾದ ವ್ಯಾಗನ್ನುಗಳ ನಡುವೆಯೇ ಬದುಕಿದ ಆಂಜನಪ್ಪನಿಗೆ, ಕಳ್ಳೆಕಾಯಿ ಮಾರುವವಳನ್ನು ಕೊಂಡಿಯ ಬಗ್ಗೆ ಕೇಳಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಆ ಹೆಸರುಗಳ ಮುಂದೆ ಅವನಿಗೆ ಚಪ್ಪಲಿ ಬಿಟ್ಟು ನಿಲ್ಲಬೇಕೆನಿಸಿತು.

ಹನ್ನೊಂದನೆಯದನ್ನು ಮಾತ್ರ ಅವನು ತಳ ನೋಡದೆ, ಎದೆಗೆ ಒತ್ತಿಕೊಂಡು ಒಯ್ದ. ಅದರ ಬಾಗಿಲಿಗೆ ಎದುರಾಗಿ ನಿಂತರೆ ಬ್ರೇಕಿನ ಹಿಡಿ ಎಡಕ್ಕಿತ್ತು. ಎಡಕ್ಕಿರಬಾರದು. ಹಾಗೆ ಹೇಳಿ ಮಾಡಿಸಿದವನು ಆಂಜನಪ್ಪ. ತಪ್ಪು ಎಂದು ಗೊತ್ತಾಗಿ ಹನ್ನೊಂದು ವರ್ಷವಾದರೂ ಬಾಯಿ ಬಿಡದವನೂ ಅವನೇ. ಮಣ್ಣಿಗೆ ಹೋಗುವ ಮೊದಲಾದರೂ ಸಾಬರ ಮುಂದೆ ಹೇಳಿಬಿಡಬೇಕೆಂದು ಇವತ್ತು ಬಸ್ಸು ಹತ್ತಿದ್ದ.

*

ಹದಿನಾಲ್ಕು ವರ್ಷದ ಹಿಂದೆ, ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ ಸಾಬರು ಆ ಪ್ರಶ್ನೆ ಕೇಳಿದ್ದರು. ಕೈಯಲ್ಲಿ ಗೀಟಿನ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು.

"ಈ ಥರದ ವ್ಯಾಗನ್ನಿಗೆ ಬ್ರೇಕಿನ ಹಿಡಿ ಯಾವ ಕಡೆ ಆಂಜನಪ್ಪಾರೆ? ಎಡಕ್ಕಾ, ಬಲಕ್ಕಾ? ನಾಲ್ಕು ಜನರನ್ನ ಕೇಳ್ದೆ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ."

ಸುತ್ತ ಹಳೇ ರೈಲ್ವೆಯವರು ನಾಲ್ಕೈದು ಮಂದಿ ಕುಳಿತಿದ್ದರು. ಆಂಜನಪ್ಪನ ಜ್ಞಾಪಕಶಕ್ತಿ ಎಂದರೆ ಆ ಅಂಗಡಿಯಲ್ಲಿ ದೊಡ್ಡ ಹೆಸರು. ಅವನು ಕಣ್ಣು ಮುಚ್ಚಿದ. ಸಾವಿರ ಸಲ ಒತ್ತಿದ ಹಿಡಿ. ಒತ್ತಿದ ಕೈ ಎಡಗೈ. ಅಂಗೈಯಲ್ಲಿ ಕಬ್ಬಿಣದ ತಣುಪು ಈಗಲೂ ಇತ್ತು.

"ಎಡಕ್ಕೆ," ಎಂದ. "ಬರ್ಕೊಳ್ಳಿ ಸಾಬ್ರೆ. ನಾನು ಹೇಳಿದ್ಮೇಲೆ ಇನ್ನೊಬ್ಬರನ್ನ ಕೇಳಬೇಡಿ."

"ಕೇಳಲ್ಲ," ಎಂದು ಸಾಬರು ಬರೆದುಕೊಂಡರು. ಟೀಯ ದುಡ್ಡು ಆಂಜನಪ್ಪನೇ ಕೊಟ್ಟ. ಅಷ್ಟು ಖುಷಿಯಾಗಿತ್ತು ಅವನಿಗೆ.

*

ಸಾಬರನ್ನು ಮೀಯಿಸಿ, ಬಿಳಿ ಬಟ್ಟೆ ಸುತ್ತಿ ಮಲಗಿಸಿದ್ದರು. ಮುಖ ಮಾತ್ರ ಕಾಣುತ್ತಿತ್ತು. ಕೊನೆಯ ಸಲ ನೋಡಲು ಬಂದವರು ಸಾಲಾಗಿ ಹಾದುಹೋದರು. ಕನ್ನಡಕವಿಲ್ಲದ ಸಾಬರ ಮುಖವನ್ನು ಆಂಜನಪ್ಪ ಅದೇ ಮೊದಲು ಕಂಡದ್ದು. ಮೂಗಿನ ಎರಡೂ ಬದಿಗೆ ಕನ್ನಡಕ ಕೂತು ಕೂತು ಆದ ಗುಳಿಗಳಿದ್ದವು.

ಮುದಸ್ಸಿರ್ ತಲೆಯ ಬಳಿ ನಿಂತು ಮೊದಲು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದ. "ಮಾವನವರು ಯಾರಿಗಾದ್ರೂ ಮಾತಲ್ಲಿ, ನಡತೆಯಲ್ಲಿ ನೋವು ಮಾಡಿದ್ರೆ ದಯವಿಟ್ಟು ಮಾಫ್ ಮಾಡಿಬಿಡಿ. ಕಹಾ ಸುನಾ ಮಾಫ್."

"ಮಾಫ್, ಮಾಫ್," ಎಂದರು ಎಲ್ಲರೂ.

ಮಾಫಿ ಕೇಳಬೇಕಾದವನು ಕಾಲ ಬಳಿ ನಿಂತಿದ್ದಾನೆ, ಕೇಳುತ್ತಿರುವವರು ಮಲಗಿದವರ ಪರವಾಗಿ. ಈಗ ಹೇಳಬೇಕು ಎಂದುಕೊಂಡ ಆಂಜನಪ್ಪ. ಬಾಯಿ ತೆರೆದ. ಹಿಂದಿದ್ದವರು ಮೆಲ್ಲಗೆ ಅವನ ಭುಜ ಹಿಡಿದು ಮುಂದಕ್ಕೆ ಸರಿಸಿದರು, ಸಾಲು ನಡೆಯಿತು, ಹೊತ್ತು ಮೀರಿತು. ಹಲಗೆ ಬಿಚ್ಚಿದ ಜಾಗದಲ್ಲಿ ಜನಾಜಾ ಎಲ್ಲಿಯೂ ತಗುಲದೆ ತಿರುಗಿಕೊಂಡು ಓಣಿಗೆ ಇಳಿಯಿತು.

*

ಹನ್ನೊಂದು ವರ್ಷದ ಹಿಂದೆ, ಚಿಂತಾಮಣಿಯ ಆಚೆಯ ಒಂದು ಹಳ್ಳಿಗೆ ಆಂಜನಪ್ಪ ಸಂಬಂಧಿಕರ ಗೃಹಪ್ರವೇಶಕ್ಕೆ ಹೋಗಿದ್ದ. ಊಟವಾದ ಮೇಲೆ ಕಾಲಾಡಿಸಿಕೊಂಡು ಬರೋಣವೆಂದು ತೋಟದ ಕಡೆ ನಡೆದವನು, ಒಂದು ಮನೆಯ ಹಿತ್ತಲಲ್ಲಿ ಅದನ್ನು ಕಂಡು ನಿಂತುಬಿಟ್ಟ. ಹಿಪ್ಪುನೇರಳೆ ಗಿಡಗಳ ನಡುವೆ, ಗಾಲಿಯಿಲ್ಲದೆ ಕಲ್ಲಿನ ಮೇಲೆ ಕೂತ ಸಣ್ಣ ರೈಲಿನ ಗೂಡ್ಸ್ ವ್ಯಾಗನ್ನು. ಒಳಗೆ ಹುಲ್ಲು ತುಂಬಿದ್ದರು. ಕಬ್ಬಿಣದ ಅಡಿಗಟ್ಟು ಹಾಗೇ ಇತ್ತು, ಬ್ರೇಕಿನ ಹಿಡಿಯೂ ಇತ್ತು.

ಮೊದಲು ಬಂದದ್ದು ಸಾಬರ ಹೆಸರು. ಓಡಿಹೋಗಿ ಅವರಿಗೆ ಹೇಳಬೇಕು, ಕರೆದುಕೊಂಡು ಬಂದು ಇದರ ಮುಂದೆ ನಿಲ್ಲಿಸಿ ಅವರ ಮುಖ ನೋಡಬೇಕು. ಆ ಖುಷಿಯಲ್ಲೇ ಬಾಗಿಲಿಗೆ ಎದುರು ನಿಂತು, ಹಳೇ ಅಭ್ಯಾಸದಂತೆ ಹಿಡಿ ಒತ್ತಲು ಎಡಗೈ ಚಾಚಿದ. ಕೈ ತಾನಾಗಿ ಎದೆಯ ಮುಂದೆ ಹಾದು ಬಲಕ್ಕೆ ಹೋಯಿತು.

ಹಿಡಿ ಬಲಕ್ಕಿತ್ತು. ಯಾವಾಗಲೂ ಬಲಕ್ಕೇ ಇತ್ತು. ಎಡಚನಾದ ಅವನು ಇಪ್ಪತ್ತೈದು ವರ್ಷ ಹೀಗೆ ಅಡ್ಡ ಚಾಚಿಯೇ ಒತ್ತಿದ್ದ. ಕೈ ಎಡಗೈ ಎಂದು ನೆನಪಿತ್ತು, ಚಾಚಿದ ದಿಕ್ಕು ಮರೆತುಹೋಗಿತ್ತು.

"ಯಾರಪ್ಪ ನೀವು? ಮಜ್ಜಿಗೆ ತಗೊಳ್ಳಿ," ಎಂದು ಮನೆಯ ಮುದುಕಿ ಓಬಳಮ್ಮ ಚೊಂಬು ಹಿಡಿದು ಬಂದರು.

"ರೈಲ್ವೇಲಿದ್ದೆನಮ್ಮ," ಎಂದಷ್ಟೇ ಹೇಳಿ, ಚೊಂಬು ಮುಟ್ಟದೆ ಹೊರಟುಬಿಟ್ಟ. ಸಾಬರು ಇದನ್ನು ನೋಡಿದರೆ ಹಿಡಿಯನ್ನೂ ನೋಡುತ್ತಾರೆ. ನಾನು ಹೇಳಿದ್ಮೇಲೆ ಇನ್ನೊಬ್ಬರನ್ನ ಕೇಳಬೇಡಿ ಎಂದ ಬಾಯಿ ಇದು. ಮುಂದಿನ ವಾರ ಹೇಳೋಣ ಎಂದುಕೊಂಡ. ವಾರ ವರ್ಷವಾಯಿತು. ಒಂದು ವ್ಯಾಗನ್ನಿನ ತುಣುಕಿಗಾಗಿ ಊರೂರು ಅಲೆಯುವ ಮನುಷ್ಯನಿಂದ ಇಡೀ ವ್ಯಾಗನ್ನನ್ನೇ ಬಚ್ಚಿಟ್ಟುಬಿಟ್ಟ.

*

ಖಬರಸ್ತಾನದಲ್ಲಿ ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದರು. ಆಂಜನಪ್ಪನೂ ಹಾಕಿದ. ಈಚೆ ಬಂದು ಬೇವಿನ ಮರದಡಿ ಕೈ ಕೊಡವಿಕೊಳ್ಳುತ್ತಿದ್ದಾಗ, ಹೆಗಲಿಗೆ ಟವೆಲು ಹಾಕಿದ ಐವತ್ತರ ಒಬ್ಬಾತ ಹತ್ತಿರ ಬಂದ.

"ನೀವು ಆಂಜನಪ್ಪನೋರಲ್ವಾ?"

"ಹೌದಪ್ಪ. ಹೆಂಗೆ ಗೊತ್ತಾಯ್ತು?"

"ಮಣ್ಣು ಎಡಗೈಯಲ್ಲಿ ಹಾಕಿದ್ರಲ್ಲ. ನಾನು ಚೆನ್ನರಾಯಪ್ಪ ಅಂತ, ಚಿಂತಾಮಣಿ ಕಡೆ. ರೇಷ್ಮೆ ಗೂಡು ಮಾರೋಕೆ ಇಲ್ಲಿ ಮಾರ್ಕೆಟ್‌ಗೆ ಬರ್ತೀನಿ, ಹಂಗೇ ಸಾಬ್ರ ಪರಿಚಯ. ನಮ್ಮ ಹಿತ್ತಲಲ್ಲಿ ಒಂದು ಹಳೇ ಗೂಡ್ಸ್ ಡಬ್ಬಿ ಐತೆ. ನಮ್ಮಪ್ಪ ಹರಾಜಲ್ಲಿ ತಂದಿದ್ದು."

ಆಂಜನಪ್ಪ ಮರಕ್ಕೆ ಕೈ ಕೊಟ್ಟ.

"ಎಂಟು ವರ್ಷ ಆಯ್ತು ಸಾಬ್ರು ಅದನ್ನ ನೋಡೋಕೆ ಬರೋಕೆ ಶುರು ಮಾಡಿ. ಬೆಳಿಗ್ಗೆ ಬಂದ್ರೆ ಸಾಯಂಕಾಲದವರೆಗೂ ಅದರ ಕೆಳಗೇ. ಒಂದೊಂದು ರಿವೆಟ್ಟೂ ಮುಟ್ಟಿ ಮುಟ್ಟಿ ಎಣಿಸೋರು. ನಮಗೆ ಅದು ಹುಲ್ಲಿನ ಡಬ್ಬಿ, ಅಷ್ಟೇ. ಅವರು ನೋಡೋದು ನೋಡಿದ್ಮೇಲೆ ನಮ್ಮನೇಲಿ ಯಾರೂ ಅದರ ಮೇಲೆ ಕಾಲಿಡಲ್ಲ."

"ಬ್ರೇಕಿನ ಹಿಡಿ..." ಎಂದ ಆಂಜನಪ್ಪ.

"ಔನು, ಅದೂ ಐತೆ. ಮೊದಲನೇ ದಿನವೇ ನಮ್ಮಮ್ಮ ಹೇಳಿದ್ಲು. ಹಿಂದೆ ಒಬ್ರು ರೈಲ್ವೆಯೋರು ಬಂದಿದ್ರು, ಎಡಗೈಯಲ್ಲಿ ಆ ಹಿಡಿ ಹಿಡ್ಕೊಂಡು ನಿಂತಿದ್ರು, ಮಜ್ಜಿಗೆನೂ ಕುಡೀದೆ ಹೋದ್ರು ಅಂತ. ಸಾಬ್ರು ಬೇಲಿ ತನಕ ಹೋಗಿ ವಾಪಸ್ ಬಂದ್ರು. ಆಮೇಲೆ, 'ಅವರು ಆಂಜನಪ್ಪ, ನನ್ನ ದೋಸ್ತು' ಅಂದ್ರು."

"ಇನ್ನೇನಂದ್ರು?"

"ನಾನೇ ಅಂದೆ, ಹಂಗಾದ್ರೆ ಅವರನ್ನೂ ಒಂದ್ಸಲ ಕರ್ಕೊಂಡ್ಬನ್ನಿ ಅಂತ. 'ನಾನ್ಯಾಕೆ ಕರ್ಕೊಂಡ್ಬರ್ಲಿ ಚೆನ್ನರಾಯಪ್ಪಾರೆ, ಅವರೇ ಒಂದಿನ ನನ್ನ ಕರ್ಕೊಂಡ್ಬರ್ತಾರೆ' ಅಂದ್ರು. ವರ್ಷಾವರ್ಷ ಕೇಳ್ತಿದ್ದೆ. ವರ್ಷಾವರ್ಷ ಅದೇ ಮಾತು."

ಎಂಟು ವರ್ಷ. ಆ ಎಂಟು ವರ್ಷದಲ್ಲಿ ಸಾಬರು ತಿಂಗಳಿಗೊಮ್ಮೆಯಾದರೂ ಚಿಕ್ಕಬಳ್ಳಾಪುರಕ್ಕೆ ಬಂದಿದ್ದರು, ಅದೇ ಅಂಗಡಿಯಲ್ಲಿ ಟೀ ಕುಡಿದಿದ್ದರು. ಹೊರಡುವಾಗ, "ಮತ್ತೇನು ವಿಶೇಷ ಆಂಜನಪ್ಪಾರೆ?" ಎಂದು ಕೇಳಿ, ಉತ್ತರಕ್ಕೆ ಒಂದು ಗಳಿಗೆ ಹೆಚ್ಚಾಗಿಯೇ ನಿಲ್ಲುತ್ತಿದ್ದರು. ವಿಶೇಷ ಏನೂ ಇಲ್ಲ ಸಾಬ್ರೆ ಎಂದು ಪ್ರತಿ ಸಲವೂ ಅವನು ಹೇಳಿದ್ದ. ಬೇವಿನ ಮರದಡಿ ಕುಕ್ಕರಿಸಿ ಕುಳಿತು ಆಂಜನಪ್ಪ ಅತ್ತ. ಚೆನ್ನರಾಯಪ್ಪ ಹೆಗಲ ಟವೆಲು ತೆಗೆದು ಅವನ ಕೈಗಿಟ್ಟ.

*

ಮೂರು ಗಂಟೆಯ ಹೊತ್ತಿಗೆ ಮುದಸ್ಸಿರ್ ಹಲಗೆಯನ್ನು ಮತ್ತೆ ಗೋಡೆಗೆ ಬಡಿದ. ಆಂಜನಪ್ಪ ಒಂದೊಂದಾಗಿ ವ್ಯಾಗನ್ನುಗಳನ್ನು ತಂದು ಜೋಡಿಸಿದ. ಹನ್ನೊಂದನೆಯದನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಸಾಬರ ಮಣೆಯ ಮೇಲೆ ಕುಳಿತ. ಮಹೀನ್ ಟೀ ತಂದು ಪಕ್ಕದಲ್ಲಿಟ್ಟಳು.

"ಮಹೀನಮ್ಮ, ಈ ಹಿಡಿ ತಪ್ಪು ಕಡೆ ಐತೆ. ಬಲಕ್ಕಿರಬೇಕು. ನಿಮ್ಮಪ್ಪನಿಗೆ ನಾನೇ ತಪ್ಪು ಹೇಳಿದ್ದೆ. ಗೊತ್ತಾದ್ಮೇಲೂ ಬಾಯಿ ಬಿಡಲಿಲ್ಲ."

ಅವಳು ವ್ಯಾಗನ್ನನ್ನೇ ನೋಡಿದಳು. "ಅಬ್ಬಾಗೆ ಗೊತ್ತಿತ್ತಾ?"

"ಗೊತ್ತಿತ್ತಂತೆ."

"ಹಂಗಾದ್ರೆ ಹೆಂಗೆ ಬಿಟ್ರು ಮಾಮ? ಒಂದು ರಾಗಿ ಕಾಳು ಸೊಟ್ಟಗಿದ್ರೆ ರಾತ್ರಿ ನಿದ್ದೆ ಮಾಡ್ತಿರಲಿಲ್ಲ."

ಪರದೆಯ ಹಿಂದಿನಿಂದ ಹಫೀಜಾ ಹೇಳಿದರು. "ತೆಗೆದುಬಿಡಿ ಅಣ್ಣ. ತಪ್ಪು ಇರೋದು ಬೇಡ."

ಆಂಜನಪ್ಪ ವ್ಯಾಗನ್ನನ್ನು ಮಗುಚಿದ. ಹೆಸರುಗಳ ಸಾಲಿನ ಕೊನೆಯಲ್ಲಿ ಇತ್ತು. 'ಬ್ರೇಕಿನ ಹಿಡಿ: ಆಂಜನಪ್ಪ.' ಅಳಿಸಿರಲಿಲ್ಲ, ತಿದ್ದಿರಲಿಲ್ಲ, ಪಕ್ಕದಲ್ಲಿ ಚೆನ್ನರಾಯಪ್ಪನ ಹೆಸರು ಬರೆದಿರಲಿಲ್ಲ. ಮಾಸಿದ ಪೆನ್ಸಿಲನ್ನು ಮತ್ತೆ ತೀಡಿ ಕಪ್ಪು ಮಾಡಿದ್ದರು.

ಅವನು ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಸಾಬರ ಅಂಟು ಎಂಥದ್ದೆಂದು ಅವನಿಗೆ ಗೊತ್ತಿತ್ತು, ಮುರಿದೇ ಬರುತ್ತದೆ ಎಂದುಕೊಂಡಿದ್ದ. ಅದು ಮುಟ್ಟಿದ್ದೇ ಕೈಗೆ ಬಂತು. ಅಂಟು ಹಾಕಿರಲೇ ಇಲ್ಲ. ಹಿಂಬದಿಯ ಎರಡು ಗುಂಡುಸೂಜಿಯ ಮೇಲೆ ನಿಂತಿತ್ತು, ಅಷ್ಟೇ. ಅವನು ವ್ಯಾಗನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬಲಗಡೆ ಬೆರಳಾಡಿಸಿದ. ರಾಗಿ ಕಾಳುಗಳ ಸಾಲಿನ ಕೆಳಗೆ, ಇರಬೇಕಾದ ಜಾಗದಲ್ಲೇ, ಮೇಣ ತುಂಬಿ ಮೇಲೆ ಬಣ್ಣ ಬಳಿದ ಎರಡು ಸಣ್ಣ ತೂತುಗಳು ಸಿಕ್ಕವು.

ಉಗುರಿನಿಂದ ಮೇಣ ಕೆರೆದ. ಬಾಗಿಲು ತನ್ನ ಎದುರಿಗೆ ಬರುವಂತೆ ವ್ಯಾಗನ್ನನ್ನು ಮಂಡಿಯ ಮೇಲೆ ನಿಲ್ಲಿಸಿಕೊಂಡ. ಹಿಡಿಯನ್ನು ಎಡಗೈಯಲ್ಲಿ ಹಿಡಿದು, ಎದೆಯ ಮುಂದೆ ಅಡ್ಡ ಚಾಚಿ, ಬಲಕ್ಕೆ ಒತ್ತಿದ. ಎರಡು ಸೂಜಿಯೂ ಒಟ್ಟಿಗೆ ಇಳಿದವು.