ಸೆಲ್ವಿನ್‌ ಪಾಲಿನ ಅರ್ಧ

ಲಾಕ್ಲನ್ ನದಿಯ ದಡದಲ್ಲಿ ಹುಟ್ಟಿದವರಲ್ಲಿ ಸರ್ಕಾರದ ಕಾರನ್ನು ಓಟದಲ್ಲಿ ಸೋಲಿಸಿದವನು ಸೆಲ್ವಿನ್ ಒಬ್ಬನೇ. ಆಗ ಅವನಿಗೆ ಐದು ವರ್ಷ. ಬರಿಗಾಲು. ಬೆನ್ನ ಮೇಲೆ ಒಂಬತ್ತು ವರ್ಷದ ಅಕ್ಕ ವಿಲ್ಮಾ. ಹಿಂದೆ, ನಮ್ಮ ಮೂಲನಿವಾಸಿ ಮಕ್ಕಳನ್ನು ಎತ್ತಿಕೊಂಡು ಹೋಗಲೆಂದೇ ಬರುತ್ತಿದ್ದ, ಸರ್ಕಾರದ ವೆಲ್ಫೇರ್ ಇಲಾಖೆಯ ಸಾಹೇಬನ ಕಪ್ಪು ಕಾರು. ಹುಡುಗ ನಲವತ್ತು ಮೈಲಿ ಓಡಿದ. ಮೂವತ್ತನೆಯ ಮೈಲಿಯಲ್ಲಿ ಜೊತೆಗೂಡಿದ ಎಮು ಹಕ್ಕಿಗಳ ಹಿಂಡು ಐದೇ ನಿಮಿಷದಲ್ಲಿ ಏದುಸಿರು ಬಿಟ್ಟು ಹಿಂದೆ ಬಿತ್ತು. ಕೊನೆಗೆ ಕಾರಿನ ಮೂತಿಯಿಂದ ಹಬೆ ಎದ್ದಿತು, ಸಾಹೇಬ ಕೆಳಗಿಳಿದು ಟೋಪಿ ತೆಗೆದು ಸಲಾಮು ಹೊಡೆದ.

ಇದನ್ನು ನಂಬಿದವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಆದರೆ ಅರವತ್ತು ವರ್ಷ ಬಿಡದೆ ಹೇಳಿದ ಮೇಲೆ, ಚಳಿ ಬಿದ್ದಾಗಲೆಲ್ಲ ಸೆಲ್ವಿನ್‌ನ ಮೊಣಕಾಲಿನಲ್ಲಿ ಆ ನಲವತ್ತು ಮೈಲಿಯ ನೋವು ನಿಜವಾಗಿಯೇ ಕಾಣಿಸಿಕೊಳ್ಳುತ್ತಿತ್ತು.

ಈಗ ಅವನಿಗೆ ಊರಿನ ಶಾಲೆಯಲ್ಲಿ ಕೆಲಸ. ನಮ್ಮ ಮಕ್ಕಳ ಪಕ್ಕ ಕೂತು ಓದಿಸುವುದು, ಜಗಳ ಬಿಡಿಸುವುದು, ತಾನು ಹಿಡಿದ ಕಾಡ್ ಎಂಬ ದೊಡ್ಡ ಮೀನನ್ನು ಎತ್ತಿದಾಗ ನದಿ ಅರ್ಧ ಅಡಿ ಇಳಿದದ್ದನ್ನು ವಾರಕ್ಕೊಮ್ಮೆ ನೆನಪಿಸುವುದು. ಹಾಗೆ ಎತ್ತೊಯ್ದ ಮಕ್ಕಳ ನೆನಪಿಗೆ ದೇಶ ತಪ್ಪೊಪ್ಪಿಕೊಳ್ಳುವ, ಮೇ ತಿಂಗಳ ಕ್ಷಮೆಯ ದಿನಕ್ಕೆ ಆರನೆಯ ತರಗತಿಯನ್ನು ಸಿದ್ಧಮಾಡುವ ಹೊಣೆ ಅವನಿಗೇ ಬಂತು. ತಾಯಂದಿರ ಮಡಿಲಿಂದ ಕಿತ್ತೊಯ್ದ ಮಕ್ಕಳ ಬಗ್ಗೆ ಆ ತರಗತಿ ಮೂರು ತಿಂಗಳು ಓದಿತ್ತು, ಈಗ ಊರ ಮುಂದೆ ನಿಂತು ಹೇಳಬೇಕಿತ್ತು. ಸೆಲ್ವಿನ್ ಎಷ್ಟು ಚೆನ್ನಾಗಿ ಕಲಿಸಿದನೆಂದರೆ, ಶಾಲೆಯ ಬೇಲಿಯ ಮೇಲೆ ಕೂರುವ ಬಿಳಿ ಗಿಳಿಗಳೂ ಯಾವ ಕಾನೂನು ಯಾವ ವರ್ಷ ಬಂತೆಂದು ತಪ್ಪಿಲ್ಲದೆ ಒದರುತ್ತಿದ್ದವು.

ಮೊದಲ ದಿನವೇ ಅವನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದ: ‘ಕಥೆಗೆ ಒಡೆಯರಿದ್ದಾರೆ. ಕೇಳದೆ ಹೇಳಬಾರದು.’

“ನಮ್ಮ ಜನರಲ್ಲಿ ಕಥೆ ಅಂದ್ರೆ ಬೀದಿನಾಯಿ ಅಲ್ಲ, ಕರೆದೋರ ಹಿಂದೆ ಹೋಗೋಕೆ,” ಎಂದಿದ್ದ. “ಅದಕ್ಕೊಂದು ಮನೆ ಇರುತ್ತೆ. ಬಾಗಿಲು ತಟ್ಟಿ, ಕೇಳಿ, ಆಮೇಲೆ ಕರ್ಕೊಂಡು ಬರ್ಬೇಕು.”

ಊರ ಮಕ್ಕಳಿಗೆಲ್ಲ ಅವನು ಅಂಕಲ್. ವಿಲ್ಮಾಳ ಮೊಮ್ಮಗಳು ಮರ್ಲೀಗೆ ಮಾತ್ರ ಪಾಪ್, ಅಂದರೆ ತಾತ. ಆ ದಿನ ಹೇಳಲು ಅವಳ ಪಾಲಿಗೆ ಅವನು ತನ್ನ ಓಟದ ಕಥೆಯನ್ನೇ ಕೊಟ್ಟ. ಮರ್ಲೀಯ ಪಕ್ಕ ಕೂತಿದ್ದ ಹೆಟ್ಟಿ, ಗೋಧಿ ಬೆಳೆಯುವವರ ಮನೆಯ ಬಿಳಿ ಹುಡುಗಿ, ಪೆನ್ಸಿಲ್ ಎತ್ತಿದಳು.

“ಅಂಕಲ್, ಆ ಕಾರು ಗಂಟೆಗೆ ಎಷ್ಟು ಮೈಲಿ ಓಡ್ತಿತ್ತು?”

“ನನಗಿಂತ ಒಂದು ಮೈಲಿ ಕಮ್ಮಿ.”

“ವಿಲ್ಮಾ ಆಂಟಿ ನಿಮ್ಮ ಬೆನ್ನ ಮೇಲಿದ್ರೆ, ಅವ್ರನ್ನ ಸರ್ಕಾರದ ಹುಡುಗಿಯರ ಹೋಮ್‌ಗೆ ಹೇಗೆ ಹಾಕಿದ್ರು? ಒಂಬತ್ತು ವರ್ಷ ಅಲ್ಲಿದ್ರಂತಲ್ಲ.”

ಸೆಲ್ವಿನ್ ಕಿಟಕಿಯ ಕಡೆ ನೋಡಿದ. “ಅದು ಬೇರೆ ದಿನ. ಅವತ್ತು ನಂಗೆ ಜ್ವರ.”

“ನಮ್ಮಪ್ಪ ಹೇಳ್ತಾರೆ, ಈ ದಿನ ಬಂದ್ರೆ ಎಲ್ರೂ ಕಥೆ ಕಟ್ತಾರೆ ಅಂತ.” ಹೆಟ್ಟಿಯ ಮಾತಿನಲ್ಲಿ ಚುಚ್ಚುವಿಕೆ ಇರಲಿಲ್ಲ, ನಾಳೆ ಬಿಸಿಲಂತೆ ಎನ್ನುವ ಹಾಗೆ ಹೇಳಿದಳು. “ಅವ್ರೂ ಬರ್ತಾರೆ. ಒಂದು ಸುಳ್ಳು ಸಿಕ್ಕಿದ್ರೆ ಉಳಿದಿದ್ದೆಲ್ಲ ಸುಳ್ಳು ಅಂತಾರೆ.”

“ಜನ ನಗಲಿ ಬಿಡು. ನಕ್ಕಾಗ ಕಿವಿ ತೆರೆಯುತ್ತೆ,” ಎಂದ ಸೆಲ್ವಿನ್.

ಮರ್ಲೀ ಬೋರ್ಡನ್ನೇ ನೋಡುತ್ತಿದ್ದಳು. “ಹಂಗಾದ್ರೆ ನ್ಯಾನ್‌ನ ಕೇಳ್ಬೇಕು, ಪಾಪ್. ಅಜ್ಜೀನೂ ಕಥೇಲಿದ್ದಾಳಲ್ಲ, ನಿನ್ನ ಬೆನ್ನ ಮೇಲೆ.”

ಸೆಲ್ವಿನ್ ಡಸ್ಟರ್ ಎತ್ತಿ ಬೋರ್ಡಿನ ಖಾಲಿ ಮೂಲೆಯನ್ನು ಒರೆಸತೊಡಗಿದ. ಆ ಕಥೆಯನ್ನು ಅವನು ನದಿಗೆ, ಹೋಟೆಲಿಗೆ, ಮೂವರು ಮಂತ್ರಿಗಳಿಗೆ ಹೇಳಿದ್ದ. ಅಕ್ಕನ ಎದುರಿಗೆ ಮಾತ್ರ ಎಂದೂ ಪೂರ್ತಿ ಹೇಳಿರಲಿಲ್ಲ.

ಮರುದಿನ ಮರ್ಲೀ ಬಂದು, “ನ್ಯಾನ್ ಅರ್ಧಕ್ಕೆ ಒಪ್ಪಿದ್ಳು,” ಎಂದಳು.

“ಯಾವ ಅರ್ಧ?”

“ಅವಳದ್ದು.”

ಅಷ್ಟೇ. ಆಮೇಲೆ ಎರಡು ವಾರ ಆ ಹುಡುಗಿಯರಿಬ್ಬರೂ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರು. ಸೆಲ್ವಿನ್ ಬಾಗಿಲಿಗೆ ಕಿವಿ ಇಟ್ಟ. ಬೋರ್ ನೀರಿನ ಸದ್ದನ್ನು ನೆಲದ ಮೇಲಿಂದಲೇ ಕೇಳಬಲ್ಲೆ ಎನ್ನುವ ಆ ಕಿವಿಗೆ ಒಂದು ಅಕ್ಷರವೂ ಬೀಳಲಿಲ್ಲ.

ಕ್ಷಮೆಯ ದಿನ ಶಾಲೆಯ ಹಾಲ್‌ನಲ್ಲಿ ಹತ್ತು ಸಾವಿರ ಜನ ಸೇರಿದ್ದರು, ಎಂಬತ್ತು ಕುರ್ಚಿಗಳ ಮೇಲೆ. ಮೊದಲ ಸಾಲಿನಲ್ಲಿ ವಿಲ್ಮಾ. ಮಡಿಲಲ್ಲಿ ಕೈಚೀಲ, ಚೀಲದ ಮೇಲೆ ಕೆಂಡದಲ್ಲಿ ಸುಟ್ಟ ರೊಟ್ಟಿಯ ಡಬ್ಬಿ. ಹಿಂದಿನ ಗೋಡೆಗೆ ಒರಗಿ, ಕೈಕಟ್ಟಿ ನಿಂತವನು ಹೆಟ್ಟಿಯ ಅಪ್ಪ. ವೇದಿಕೆಯ ಮೇಲೆ ಒಂದು ದೊಡ್ಡ ಹಾಳೆ. ಎಡಗಡೆ ತುಂಬ ಬರಹ, ಬಲಗಡೆ ಖಾಲಿ.

ಮರ್ಲೀ ಓದಿದಳು.

“ಇದು ನನ್ನ ನ್ಯಾನ್ ಹೇಳಿದ್ದು. ‘ನಮ್ಮಮ್ಮ ದಿನಾ ನಮಗೆ ಒಂದು ಆಟ ಆಡಿಸ್ತಿದ್ಲು. ಕಾರಿನ ಸದ್ದು ಕೇಳಿದ್ರೆ ನದಿ ದಡದ ಗಮ್ ಮರದ ಬೇರಿನ ಕೆಳಗೆ ನುಗ್ಗಿ ಉಸಿರು ಹಿಡೀಬೇಕು. ಗೆದ್ದೋರಿಗೆ ಬೆಲ್ಲದ ಪಾಕ ಸವರಿದ ರೊಟ್ಟಿ. ಒಂದಿನ ಆಟ ಅಲ್ದೆ ನಿಜವಾಗ್ಲೂ ಕಾರು ಬಂತು. ನಾನೂ ತಮ್ಮನೂ ಬೇರಿನ ಕೆಳಗೆ ಹೋದ್ವಿ. ಸ್ವಲ್ಪ ಹೊತ್ತಿಗೆ ನಾನು ಹೊರಗೆ ಬಂದೆ. ಬಂದೋಳು ಒಂಬತ್ತು ವರ್ಷ ಮನೆ ನೋಡಲಿಲ್ಲ. ಅಮ್ಮ ಬರೆದ ಕಾಗದ ಒಂದೂ ನನ್ನ ಕೈಗೆ ಕೊಡಲಿಲ್ಲ. ವಾಪಸ್ ಬಂದಾಗ ಅಮ್ಮ ಇರಲಿಲ್ಲ. ಯಾಕೆ ಹೊರಗೆ ಬಂದೆ ಅನ್ನೋದು ನನ್ನ ಪಾಲಿನ ಕಥೆ ಅಲ್ಲ.’”

ಮರ್ಲೀ ಕಾಗದ ಮಡಚಿ ಕೊನೆಯ ಸಾಲಿನಲ್ಲಿದ್ದ ಸೆಲ್ವಿನ್‌ನ ಕಡೆ ತಿರುಗಿದಳು. “ಉಳಿದರ್ಧ ಪಾಪ್‌ದು. ಕಥೆಗೆ ಒಡೆಯರಿದ್ದಾರೆ ಅಂತ ಅವ್ರೇ ಕಲಿಸಿದ್ದು. ಅದಕ್ಕೆ ಕೇಳ್ತಿದೀನಿ. ಹೇಳಬಹುದಾ, ಪಾಪ್?”

ಸಾಲುಸಾಲು ತಲೆಗಳು ತಿರುಗಿದವು. ಸೆಲ್ವಿನ್‌ನ ನಾಲಿಗೆಯ ತುದಿಯಲ್ಲಿ ನಲವತ್ತು ಮೈಲಿ ಸಿದ್ಧವಾಗಿತ್ತು, ಎಮುಗಳೂ ಸಾಲಾಗಿ ನಿಂತಿದ್ದವು. ಅವನು ಅಕ್ಕನ ಬೆನ್ನನ್ನು ನೋಡಿದ. ಹಾಲ್‌ನಲ್ಲಿ ತಿರುಗದೆ ಉಳಿದ ತಲೆ ಅವಳದೊಂದೇ. ಹೋಮ್‌ನಿಂದ ಬಂದಾಗಿನಿಂದ ಅವಳು ಹೀಗೆಯೇ ಬೇರೆ ಕಡೆ ನೋಡಿಕೊಂಡಿದ್ದಳು. ಒಂದು ಸಲವೂ ಅವನನ್ನು ಸುಳ್ಳ ಎಂದಿರಲಿಲ್ಲ.

ಅವನು ಎದ್ದು ನಿಂತ.

“ನಾನು ಓಡಿದ್ದು ನಿಜ,” ಎಂದ. “ಆದ್ರೆ ಕಾರಿಂದ ದೂರಕ್ಕಲ್ಲ. ಕಾರಿನ ಕಡೆಗೆ. ಆ ಸಾಹೇಬ ದಡದ ಮೇಲೆ ನಿಂತು ಪೆಪ್ಪರ್‌ಮೆಂಟ್ ತೋರಿಸ್ತಿದ್ದ. ಯಾರಿಗೆ ಬೇಕು, ಯಾರಿಗೆ ಬೇಕು ಅಂತಿದ್ದ. ನಂಗೆ ಬೇಕಿತ್ತು. ಅಕ್ಕನ ಕೈ ಬಿಡಿಸ್ಕೊಂಡು ಹೊರಗೆ ಬಂದೆ. ಅವನಿನ್ನೂ ಆ ಕಡೆ ನೋಡ್ತಿದ್ದ. ಅಕ್ಕ ಬಂದು ನನ್ನ ಎಳೆದು ಬೇರಿನ ಕೆಳಗೆ ತಳ್ಳಿದ್ಳು. ಅಷ್ಟರಲ್ಲಿ ಅವನು ತಿರುಗಿದ. ಅವನಿಗೆ ಕಂಡಿದ್ದು ಅವಳೊಬ್ಬಳೇ. ಇನ್ಯಾರೂ ಇಲ್ಲ ಅಂದ್ಳು. ಜ್ವರ ಗಿರ ಏನೂ ಇರಲಿಲ್ಲ.”

ಗೋಡೆಗೆ ಒರಗಿದ್ದವನ ಕಟ್ಟಿದ ಕೈ ಯಾವಾಗಲೋ ಬಿಚ್ಚಿತ್ತು.

ಆಗ ವಿಲ್ಮಾ ತಿರುಗಿದಳು. “ಆ ಪೆಪ್ಪರ್‌ಮೆಂಟ್ ನಿಂಗೆ ಸಿಕ್ತೇನೋ, ಸೆಲ್?”

“ಇಲ್ಲ, ಅಕ್ಕ.”

“ನಂಗೆ ಕೊಟ್ರು, ಕಾರಲ್ಲಿ. ಏನೂ ಚೆನ್ನಾಗಿರಲಿಲ್ಲ ಕಣೋ.” ಡಬ್ಬಿಯ ಮುಚ್ಚಳ ತೆಗೆದು ಪಕ್ಕದ ಕುರ್ಚಿಯನ್ನು ತಟ್ಟಿದಳು. “ಬಾ, ಕೂತ್ಕೋ. ಐದು ವರ್ಷದ ಹುಡುಗ ನೀನು. ಆ ತಪ್ಪು ಯಾರದ್ದು ಅಂತ ಈ ಮಕ್ಕಳು ಮೂರು ತಿಂಗಳಿಂದ ಓದಿದ್ದಾರೆ, ಬೇಕಾದ್ರೆ ಕೇಳು.”

ವೇದಿಕೆಯ ಮೇಲೆ ಹೆಟ್ಟಿ ಹಾಳೆಯ ಖಾಲಿ ಅರ್ಧದ ಮುಂದೆ ಪೆನ್ಸಿಲ್ ಹಿಡಿದು ನಿಂತಿದ್ದಳು. “ಅಂಕಲ್, ಎಷ್ಟು ದೂರ ಓಡಿದ್ರಿ ಅಂತ ಬರೀಲಿ?”

ಸೆಲ್ವಿನ್ ಅಕ್ಕನ ಪಕ್ಕ ಕೂತು ಮೊಣಕಾಲು ಒತ್ತಿಕೊಂಡ.

“ಏಳು ಹೆಜ್ಜೆ,” ಎಂದ. “ಒಂದೂ ಜಾಸ್ತಿ ಇಲ್ಲ.”