ತುಟಿಯ ಮೇಲಿನ ಗುಳ್ಳೆ

ಬಸ್ ಕಂಡಕ್ಟರಾಗಿ ನಿವೃತ್ತಳಾದ ಅಜ್ಜಿಯ ಗಂಟಲಿಗೆ ಇಡೀ ಬೀದಿಯೇ ಬೆಚ್ಚುತ್ತಿತ್ತು. ಅಂಥವಳು ಈಗ ಮಕ್ಕಳ ವಾರ್ಡಿನ ಹೊರಗೆ, ಬೆಂಚಿನ ತುದಿಯಲ್ಲಿ, ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಒಳಗೆ ನಾಲ್ಕು ವರ್ಷದ ಮೊಮ್ಮಗಳು. ಮನೆಯವರೆಲ್ಲ ಕರೆಯುವುದು ಪಟಾಕಿ ಎಂದು. ಜ್ವರ ಬಂದ ಮಾರನೇ ದಿನ ಪಟಾಕಿ ಏನೇನೋ ಬಡಬಡಿಸುತ್ತ, ಚಪ್ಪಲಿಯನ್ನು ತಟ್ಟೆಯಲ್ಲಿಟ್ಟು ಊಟಕ್ಕೆ ಕೂತಾಗ ಎಲ್ಲರೂ ನಕ್ಕಿದ್ದರು. ಆಮೇಲೆ ಫಿಟ್ಸ್ ಬಂದು ಕೈಕಾಲು ಸೆಟೆದಾಗ ಎತ್ತಿಕೊಂಡು ಓಡಿದರು. ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದ ಡಾಕ್ಟರಮ್ಮ, ವೈರಸ್ಸಿನಿಂದ ಮಿದುಳಿಗೆ ಬಾವು ಬಂದಿದೆ ಎಂದರು. ತುಟಿಯಂಚಿನಲ್ಲಿ ನೀರ್ಗುಳ್ಳೆ ಎಬ್ಬಿಸುವ ವೈರಸ್ಸೇ ಅದು.

ಸೊಸೆಯ ಕಣ್ಣು ಸೀದಾ ಅಜ್ಜಿಯ ತುಟಿಗೆ ಹೋಯಿತು. ಅಲ್ಲಿ ಒಣಗುತ್ತಿದ್ದ ಗುಳ್ಳೆಯ ಹಕ್ಕಳೆ ಇತ್ತು.

"ಬೇಡ ಬೇಡ ಅಂದ್ರೂ ಮುತ್ತು ಕೊಡ್ತಿದ್ರಲ್ಲ ಅತ್ತೆ!"

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಹೊರಬಿದ್ದಾಗಿತ್ತು.

ಡಾಕ್ಟರಮ್ಮ ತಡೆದರು. "ಈ ವೈರಸ್ಸು ಎಷ್ಟೋ ಜನರ ಮೈಯಲ್ಲಿ ತೆಪ್ಪಗೆ ಇರುತ್ತಮ್ಮ. ಮಿದುಳಿಗೆ ಹೋಗೋದು ತೀರಾ ಅಪರೂಪ. ಯಾರಿಂದ ಬಂತು, ಯಾವಾಗ ಬಂತು, ಯಾರೂ ಹೇಳಕ್ಕಾಗಲ್ಲ. ಗುಳ್ಳೆ ಇದ್ದಾಗ ಮಾತ್ರ ಮಕ್ಕಳಿಗೆ ಮುತ್ತು ಬೇಡ. ಬೇಗ ಕರ್ಕೊಂಡು ಬಂದಿದ್ದೀರಿ, ಔಷಧಿ ಶುರು ಮಾಡಿದ್ದೀವಿ."

ಇಷ್ಟೆಲ್ಲ ಮಾತಿನಲ್ಲಿ ಅಜ್ಜಿಯ ಕಿವಿಗೆ ಬಿದ್ದಿದ್ದು ಮುತ್ತಿನ ಮಾತೊಂದೇ.

ವಾರಗಟ್ಟಲೆ ಡ್ರಿಪ್ಪು ಏರಿತು. ಅಜ್ಜಿ ಊಟದ ಡಬ್ಬಿ ತರುವಳು, ಬಟ್ಟೆ ಒಗೆಯುವಳು, ವಾರ್ಡಿನೊಳಗೆ ಮಾತ್ರ ಕಾಲಿಡಳು. ತುಟಿ ವಾಸಿಯಾಗಿ ಎಷ್ಟೋ ದಿನವಾಗಿತ್ತು. ಮಗ ಕರೆದರೆ, "ನನ್ನ ಪಾಪಿ ಬಾಯಿ ಹೊರಗೇ ಇರ್ಲಿ ಬಿಡೋ" ಅನ್ನುವಳು. ಯಾರ ತಪ್ಪೂ ಅಲ್ಲದ್ದನ್ನು ತಲೆ ಮೇಲೆ ಹೊತ್ತುಕೊಂಡು ಪಾಪ, ಆ ಗಟ್ಟಿಗಿತ್ತಿ ಅರ್ಧಕ್ಕರ್ಧ ಇಳಿದುಹೋಗಿದ್ದಳು.

ಕೊನೆಗೂ ಪಟಾಕಿ ಮನೆಗೆ ಬಂದಳು. ನಡೆಯುತ್ತಿದ್ದಳು, ಮಾತಾಡುತ್ತಿದ್ದಳು. ಆದರೆ ನೆನಪಿನಲ್ಲಿ ಅಲ್ಲಲ್ಲಿ ಖಾಲಿ ಬಿದ್ದಿತ್ತು. ಬಾಗಿಲ ಮರೆಯಲ್ಲಿ ನಿಂತ ಅಜ್ಜಿಯನ್ನು ನೋಡಿ ಅಮ್ಮನನ್ನು ಕೇಳಿದಳು, "ಅವರ್ಯಾರು?"

ಒಳ್ಳೆಯದೇ ಆಯಿತು, ಮಗುವಿಗಾದರೂ ನನ್ನ ತಪ್ಪು ಮರೆತುಹೋಯಿತಲ್ಲ ಎಂದುಕೊಂಡು ಅಜ್ಜಿ ಹಿಂದೆ ಸರಿದಳು.

ಸೊಸೆ ಬಿಡಲಿಲ್ಲ. ಕೈ ಹಿಡಿದು ಎಳೆತಂದು ಮಂಚದ ಮೇಲೆ ಕೂರಿಸಿ, ಮಗುವನ್ನು ಅವಳ ಮಡಿಲಿಗೆ ಹಾಕಿದಳು.

"ನಿನ್ನ ಅಜ್ಜಿ ಕಣೇ. ನಿಂಗೆ ಎಲ್ಲರಿಗಿಂತ ಜಾಸ್ತಿ ಮುತ್ತು ಕೊಟ್ಟಿರೋರು" ಎಂದಳು. "ಕೊಡಿ ಅತ್ತೆ. ಅವಳಿಗೆ ನೆನಪಾಗ್ಲಿ."