ಹಿಂದೆಯೇ ಬಂದ ಅತ್ತೆ

ಬೈಕಿನ ಸದ್ದು, ಗಂಡ ಕಪಿಲನದೇ ಇರಬೇಕು, ಅಲ್ಲ, ಅವನದು ಇಷ್ಟು ಒಡಕಲು ಸದ್ದಲ್ಲ, ಠಾಣೆಯ ಗೇಟಿನ ಮುಂದೆ ನಿಧಾನವಾಗಿ ಮತ್ತೆ ಮುಂದೆ ಹೋಯಿತು, ಹೋಗಲಿ, ಕ್ಷಮಾ ಉಸಿರು ಬಿಟ್ಟಳು, ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು, ಬೆಳಿಗ್ಗೆಯಿಂದ ಆ ಕೈ ತನ್ನದಲ್ಲವೇನೋ ಎನ್ನುವಂತೆ ಭಾರ, ಮೂರು ಬೆರಳು ಬಾತು ನೇರಳೆಯಾಗಿವೆ, ಅದಕ್ಕೇ ದೂರು ಬರೆಯಲಿಕ್ಕೆ ಆಗುವುದಿಲ್ಲ ಎಂದಿದ್ದಳು, ಇರ್‍ಲಿ ಬಿಡ್ರಿ ಅಕ್ಕಾರ, ನೀವ್ ಹೇಳ್ರಿ, ನಾ ಬರಕೊಂತೀನಿ ಎಂದಳು ಮೇಜಿನಾಚೆಯ ಪೊಲೀಸ್ ಹುಡುಗಿ, ಎದೆಯ ಪಟ್ಟಿಯ ಮೇಲೆ ರಾಧಿಕಾ ಎಂದಿದೆ, ತನಗಿಂತ ಚಿಕ್ಕವಳು, ಯಾರ ಮನೆಯಲ್ಲೂ ಹೆದರಿ ಕೂತವಳಲ್ಲ ಅನಿಸುತ್ತದೆ, ಅಥವಾ ಯಾರಿಗೆ ಗೊತ್ತು — ಗಡಿಯಾರದಲ್ಲಿ ಎರಡೂಮುಕ್ಕಾಲು, ಕಪಿಲ ಜಮಖಂಡಿಗೆ ಅರಿಷಿಣದ ವ್ಯವಹಾರಕ್ಕೆ ಹೋದವನು ನಾಲ್ಕಕ್ಕೆ ತೇರದಾಳದ ಮನೆಗೆ ಬರುತ್ತಾನೆ, ಬಾಗಿಲಿಗೆ ಬೀಗ ನೋಡುತ್ತಾನೆ, ಆಮೇಲೆ ಫೋನು, ಆಮೇಲೆ ಹುಡುಕುವುದು, ಊರಿನ ಠಾಣೆಗೆ ಹೋಗದೆ ಬನಹಟ್ಟಿಗೆ ಬಂದದ್ದೂ ಅದಕ್ಕೇ, ತೇರದಾಳದಲ್ಲಿ ಠಾಣೆಯ ಎದುರಿನ ಚಹಾದಂಗಡಿಯವನು ಕಪಿಲನ ಗೆಳೆಯ, ಯಾವ ಊರಿನದಿದ್ರೂ ಇಲ್ಲಿ ಬರಕೊಂತೀವ್ರಿ ಎಂದು ರಾಧಿಕಾ ಹೇಳಿದಾಗ ಸಮಾಧಾನವಾಗಬೇಕಿತ್ತು, ಆಗಲಿಲ್ಲ, ಏಕೆಂದರೆ ಪಕ್ಕದಲ್ಲಿ ಅತ್ತೆ ಕೂತಿದ್ದಾಳೆ.

ಅತ್ತೆ ಯಾಕೆ ಬಂದಳು. ಕಪಿಲನ ತಾಯಿ ಅಕ್ಕವ್ವ, ಮಧ್ಯಾಹ್ನ ತಾನು ಕಪಾಟಿನಿಂದ ಆಧಾರ್ ಕಾರ್ಡು ತೆಗೆಯುವಾಗ ಹಿಂದೆ ನಿಂತು ನೋಡಿದಳು, ಎಲ್ಲಿಗೆ ಎಂದು ಕೇಳಲಿಲ್ಲ, ಚಪ್ಪಲಿ ಮೆಟ್ಟಿ ಹಿಂದೆಯೇ ಬಂದಳು, ಬಸ್ಸಿನಲ್ಲಿ ಎರಡು ಸೀಟು ಹಿಂದೆ ಕೂತಳು, ದಾರಿಯುದ್ದಕ್ಕೂ ಕ್ಷಮಾಳ ಬೆನ್ನು ಸುಡುತ್ತಲೇ ಇತ್ತು, ಮಗನಿಗೆ ಫೋನ್ ಮಾಡಿರಬಹುದೇ, ಇಲ್ಲೇ ತಡೆಯಲಿಕ್ಕೆ ಬಂದಿರಬಹುದೇ, ಎಂಟು ವರ್ಷದಲ್ಲಿ ಇವಳು ಒಂದು ದಿನ ಅಡ್ಡ ಬಂದವಳಲ್ಲ, ಒಳಗೆ ಏಟು ಬೀಳುವಾಗ ಹೊರಗೆ ಜೋಳ ಹಸನು ಮಾಡುತ್ತಾ ಕೂತಿರುತ್ತಿದ್ದಳು, ಹೋದ ವರ್ಷ ಹಲ್ಲು ಮುರಿದಾಗ ಮುಧೋಳದ ಡಾಕ್ಟರ ಮುಂದೆ ಇವಳೇ ಹೇಳಿದ್ದು, ಬಚ್ಚಲದಾಗ ಕಾಲ ಜಾರಿ ಬಿದ್ಲ್ರಿ, ಹೌದ್ರಿ, ಬಿದ್ದೆ ಎಂದು ತಾನೂ ತಲೆಯಾಡಿಸಿದ್ದಳು, ಬಾಯಿ ತುಂಬ ಹತ್ತಿ ಇತ್ತು. ಇಲ್ಲೂ ಅದನ್ನೇ ಹೇಳಿದರೆ, ಬಿದ್ದಾಳ್ರಿ, ಏನೂ ಆಗಿಲ್ಲ್ರಿ ಎಂದು ಕೈಹಿಡಿದು ಎಬ್ಬಿಸಿದರೆ, ಸಂಜೆಗೆ ಅದೇ ಮನೆ, ಅದೇ ಬಾಗಿಲು.

ಬಾಗಿಲು — ಹಾಂ, ಅದನ್ನೇ ಹೇಳಬೇಕು. ನಿನ್ನೆ, ಹೊತ್ತು ಮುಳುಗುವ ಮೊದಲು ಎಲ್ಲರೂ ಉಂಡಾಗಿತ್ತು, ತಂಗಿ ಭಕ್ತಿ ಫೋನ್ ಮಾಡಿದ್ದಳು, ಯಾರ ಜೋಡಿ ಮಾತಾಡಾಕತ್ತಿದ್ದಿ ಎಂದ ಕಪಿಲ, ತಂಗಿ ಜೋಡಿರಿ, ತೋರಿಸು, ತೋರಿಸಲಿಕ್ಕೆ ಕೈ ಚಾಚಿದೆ, ಅವನು ಫೋನು ತೆಗೆದುಕೊಳ್ಳಲಿಲ್ಲ, ಕೈ ತೆಗೆದುಕೊಂಡ, ಚೌಕಟ್ಟಿನ ಮೇಲಿಟ್ಟು ಬಾಗಿಲು ಹಾಕಿದ, ಜೋರಾಗಿ ಅಲ್ಲ, ಮೆಲ್ಲಗೆ, ಹೆಗಲು ಕೊಟ್ಟು ಒತ್ತುತ್ತಾ, ಬಸದಿಯ ದಾರಿಯಲ್ಲಿ ಇರುವೆಸಾಲು ಕಂಡರೆ ಕಾಲೆತ್ತಿ ದಾಟುವವನು, ಆತ ಅಗದೀ ಸಂಭಾವಿತ ಎನ್ನುತ್ತದೆ ಊರು, ಇದನ್ನೆಲ್ಲ ತಾನು ಹೇಳುತ್ತಿದ್ದೇನೆಯೇ ಅಥವಾ ಬರೀ ನೆನೆಯುತ್ತಿದ್ದೇನೆಯೇ, ಇಲ್ಲ, ಹೇಳುತ್ತಿದ್ದಾಳೆ, ರಾಧಿಕಾಳ ಪೆನ್ನು ಓಡುತ್ತಿದೆ, ಒಂದು ಪುಟ ಮುಗಿದು ಇನ್ನೊಂದು, ಹೊರಗೆ ಮತ್ತೊಂದು ಬೈಕು, ನಿಂತಿತು, ಕ್ಷಮಾ ಅರ್ಧ ಎದ್ದಳು, ಕೂಡ್ರಿ ಅಕ್ಕಾರ, ನಮ್ಮವರಽ, ಹೌದು, ಖಾಕಿ ತೊಟ್ಟವನೊಬ್ಬ ಒಳಗೆ ಬಂದ, ಕ್ಷಮಾ ಮತ್ತೆ ಕೂತಳು.

ಅಂವ ಹಿಂಗ ಮಾಡೂದನ್ನ ಯಾರರ ನೋಡ್ಯಾರೇನ್ರಿ — ರಾಧಿಕಾ ಕೇಳಿದಳು. ಇಲ್ಲ ಎನ್ನಬೇಕೆಂದು ಕ್ಷಮಾ ಬಾಯಿ ತೆರೆದಳು, ಅಷ್ಟರಲ್ಲಿ ಪಕ್ಕದಲ್ಲಿ ಬಳೆ ಸದ್ದಾಯಿತು, ಬಂತು, ಈಗ ಹೇಳುತ್ತಾಳೆ, ಜಾರಿ ಬಿದ್ಲು ಎನ್ನುತ್ತಾಳೆ, ಮುಗಿಯಿತು, ಕಣ್ಣು ಮುಚ್ಚಿಕೊಂಡಳು, ನಾ ನೋಡೇನ್ರಿ ಎಂದಳು ಅಕ್ಕವ್ವ. ನಿನ್ನಿ ಅಡಗಿ ಮನಿಯಾಗ ನಿಂತಿದ್ದೆ, ಪೂರಾ ನೋಡೇನಿ. ಹಲ್ಲು ಮುರದಾಗೂ ನೋಡೇನಿ, ಸುಳ್ಳ ಹೇಳಿದ್ದೆ, ಅದನ್ನೂ ಬರಕೊಳ್ರಿ. ಧ್ವನಿ ಏರಲಿಲ್ಲ, ಇಳಿಯಲಿಲ್ಲ, ಕ್ಷಮಾ ಕಣ್ಣು ತೆರೆಯಲಿಕ್ಕೂ ಹೆದರಿದಳು, ತೆರೆದರೆ ಈ ಮಾತು ಇಲ್ಲವಾಗುತ್ತದೇನೋ, ರಾಧಿಕಾ ಹೊಸ ಹಾಳೆ ತೆಗೆದ ಸದ್ದು, ಹೆಸರು, ಅಕ್ಕವ್ವ, ವಯಸ್ಸು, ಅರವತ್ತೆರಡು ಇರಬೇಕ್ರಿ, ಆರೋಪಿ ನಿಮಗ ಏನಾಗಬೇಕ್ರಿ ಅಮ್ಮಾರ. ಕಣ್ಣು ತೆರೆದಾಗ ಅತ್ತೆಯ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ, ಪೆನ್ನು ಹಾಳೆಯ ಮೇಲೆ ಎತ್ತಿಯೇ ಇತ್ತು, ಬೀದಿಯಾಚೆ ಮಗ್ಗಗಳು ಬಡಿದುಕೊಳ್ಳುತ್ತಿದ್ದವು, ಗಡಿಯಾರ ನೋಡಬಾರದು, ನೋಡಬಾರದು, ಮಗರಿ ಎಂದಳು ಅಕ್ಕವ್ವ, ಪೆನ್ನು ಇಳಿಯಿತು, ಬರೆಯಿತು, ನಿಂತಿತು, ಬಿಳಿ ಹಾಳೆಯ ಮೇಲೆ ಆ ನೀಲಿ ಎರಡಕ್ಷರ, ಅತ್ತೆ ಅದನ್ನೇ ನೋಡುತ್ತಿದ್ದಾಳೆ, ಕ್ಷಮಾಳೂ ಅದನ್ನೇ, ಮ, ಗ, ನೀಲಿ, ಮ, ಗ,